ಅಲಗು, ಗುಂಬ, ಕವಚ: ಯುದ್ಧವಿಮಾನಗಳ ಲೋಹಗಳನ್ನು ಗುರುತಿಸುವ ಬಗ್ಗೆ ಒಂದು ಟಿಪ್ಪಣಿ

1. ವ್ಯಾಪ್ತಿ

ಯುದ್ಧವಿಮಾನದ ಮಾತು ಬಂದಾಗ ಕೊಡಗಿನಲ್ಲಿ ಸಾಮಾನ್ಯವಾಗಿ ನೆನಪಾಗುವ ಹೆಸರುಗಳು ಎರಡು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದೊಂದಿಗಿನ ಯುದ್ಧದಲ್ಲಿ, ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಮಡಿದರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ, ಆಗ ಫ್ಲೈಟ್ ಲೆಫ್ಟಿನೆಂಟ್ ಆಗಿದ್ದ ಕೆ. ಸಿ. ಕಾರ್ಯಪ್ಪ ಅದೇ ತಿಂಗಳ 22ರಂದು, ಕದನವಿರಾಮಕ್ಕೆ ಒಂದು ದಿನವೂ ಉಳಿದಿರದಾಗ, ವಿಮಾನ ಕಳೆದುಕೊಂಡು ಸೆರೆಯಾದರು. ಮೊದಲನೆಯವರು ಹಾರಿಸಿದ್ದು ಮಿಸ್ಟೇರ್ 4ಎ, ಎರಡನೆಯವರು ಹಂಟರ್. ಎರಡೂ ಜೆಟ್ ವಿಮಾನಗಳಾದ್ದರಿಂದ ಅವುಗಳಿಗೆ ಪ್ರೊಪೆಲರ್ ಇರಲಿಲ್ಲ.

ಹೀಗಾಗಿ ಪ್ರೊಪೆಲರ್ ಕಾಲದ ಲೋಹಗಳ ಅಧ್ಯಯನಕ್ಕೆ ಕೊಡಗಿನ ಓದುಗರಿಗೆ ಹತ್ತಿರದ ಆಕರವೆಂದರೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ. ಈ ಟಿಪ್ಪಣಿ ಅಲ್ಲಿಂದ ಹೊರಟು 1965ರ ಆ ಎರಡು ಎಂಜಿನ್‌ಗಳವರೆಗೆ ಬರುತ್ತದೆ. ವಾದ ಸೀಮಿತವಾದದ್ದು: ವಿಮಾನದ ಹೆಸರಿನಿಂದ, ಎಂಜಿನ್ನಿನ ಹೆಸರಿನಿಂದ, ಅಷ್ಟೇಕೆ, ಬಿಡಿಭಾಗದ ಮೇಲೆ ಅಚ್ಚೊತ್ತಿದ ಸಂಖ್ಯೆಯಿಂದಲೂ ಲೋಹವನ್ನು ನೇರವಾಗಿ ನಿರ್ಣಯಿಸಲು ಬಾರದು. ಮೂರೂ ಸುಳಿವುಗಳೇ, ಅವುಗಳ ತೂಕ ಮಾತ್ರ ಬೇರೆ ಬೇರೆ.

2. ಬೆಂಗಳೂರಿನ ಕಾಲಾನುಕ್ರಮ

ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ನೋಂದಾಯಿಸಿದ್ದು 1940ರ ಡಿಸೆಂಬರ್ 23ರಂದು. ತಾಂತ್ರಿಕ ಏರ್ಪಾಡು ಅಮೆರಿಕದ ವಿಲಿಯಂ ಪಾಲಿಯವರದು. 1941ರಲ್ಲಿ ಭಾರತ ಸರ್ಕಾರ ಪಾಲುದಾರನಾಯಿತು; 1942ರಲ್ಲಿ ಆಡಳಿತ ಸರ್ಕಾರದ ಕೈಗೆ ಹೋಯಿತು; 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ದುರಸ್ತಿ ಕೇಂದ್ರವಾಗಿ 84ನೆಯ ಏರ್ ಡಿಪೊ ಎನಿಸಿಕೊಂಡಿತು.

ಲೋಹಗಳ ದೃಷ್ಟಿಯಿಂದ ಯುದ್ಧಕಾಲದ ಈ ವರ್ಷಗಳನ್ನು ಎರಡಾಗಿ ಒಡೆಯುವುದು ಸೂಕ್ತ. ಮೊದಲನೆಯದು ಜೋಡಣೆಯ ಹಂತ: 1941ರಲ್ಲಿ ಹಾರ್ಲೊ ತರಬೇತಿ ವಿಮಾನ, 1942ರ ಜುಲೈ 31ರಂದು ಮೊದಲು ಹಾರಿದ ಕರ್ಟಿಸ್ ಹಾಕ್, ಆಮೇಲೆ ವಲ್ಟೀ ವೆಂಜನ್ಸ್. ಎರಡನೆಯದು ದುರಸ್ತಿಯ ಹಂತ: ಸಿ-47 ಸಾಗಣೆ ವಿಮಾನ, ಬಿ-24 ಮತ್ತು ಬಿ-25 ಬಾಂಬರ್, ಬೆಳ್ಳಂದೂರು ಕೆರೆಯ ನೀರಿನ ಮೇಲೆ ಬಂದಿಳಿಯುತ್ತಿದ್ದ ಕ್ಯಾಟಲೀನಾ, ಇವುಗಳೊಂದಿಗೆ ದೊಡ್ಡ ಸಂಖ್ಯೆಯಲ್ಲಿ ಎಂಜಿನ್‌ಗಳು.

ಮೊದಲ ಹಂತದ ಬಗ್ಗೆ ಆಕರಗಳು ‘ತಯಾರಿಸಿತು’ ಎಂದು ಬರೆದ ಕಡೆ ‘ಜೋಡಿಸಿತು’ ಎಂದು ಓದಿಕೊಳ್ಳುವುದು ಹೆಚ್ಚು ಸುರಕ್ಷಿತ. ಭಾರತದಲ್ಲಿ ಅಲ್ಯೂಮಿನಿಯಂ ಕರಗಿಸುವ ಕೆಲಸ ಕೇರಳದ ಅಲುಪುರಂನಲ್ಲಿ ಆರಂಭವಾದದ್ದೇ 1943ರಲ್ಲಿ, ಅದೂ ಹೊರಗಿನಿಂದ ತರಿಸಿದ ಅಲ್ಯೂಮಿನಾದಿಂದ. ಪ್ರೊಪೆಲರ್ ಅಲಗಿನಷ್ಟು ದೊಡ್ಡ ಮಿಶ್ರಲೋಹದ ತುಂಡನ್ನು ಕುಟ್ಟಿ ರೂಪಿಸುವ ಸೌಲಭ್ಯ ಆಗ ಇಲ್ಲಿತ್ತೆನ್ನಲು ಆಧಾರ ಕಾಣುವುದಿಲ್ಲ. ಆದ್ದರಿಂದ ಅಲಗು, ಅಲಗುಗಳನ್ನು ನಡುವೆ ಹಿಡಿದಿಡುವ ಗುಂಬ, ಎಂಜಿನ್ ಮೂರೂ ಆಮದಾದವೆಂದು ಭಾವಿಸಿ ಮುಂದುವರಿಯಬಹುದು. ಬೆಂಗಳೂರಿನಲ್ಲಿ ಸೇರಿದ್ದು ಕೆಲಸ, ಮುಖ್ಯವಾಗಿ ತಪಾಸಣೆ ಮತ್ತು ಬಿಸಿ ಹದದ ಕೆಲಸ. ಅದೂ ಲೋಹದ ಚರಿತ್ರೆಯ ಭಾಗವೇ, ಕಾರಣ 3.3ರಲ್ಲಿದೆ.

3. ಪ್ರೊಪೆಲರ್ ಅಲಗು

3.1. ಮೂರು ವಸ್ತುಗಳು. ಎರಡನೆಯ ಮಹಾಯುದ್ಧದ ಅಲಗುಗಳಲ್ಲಿ ಕನಿಷ್ಠ ಮೂರು ವರ್ಗಗಳನ್ನು ಬೇರ್ಪಡಿಸಬೇಕು: ಕುಟ್ಟಿ ರೂಪಿಸಿದ ಅಲ್ಯೂಮಿನಿಯಂ ಮಿಶ್ರಲೋಹ, ಟೊಳ್ಳು ಉಕ್ಕು, ರಾಳ ಸೇರಿಸಿ ಒತ್ತಿದ ಮರ. ಭಾರತೀಯ ವಾಯುಪಡೆ ಬರ್ಮಾ ರಣರಂಗದಲ್ಲಿ ಬಳಸಿದ ಹರಿಕೇನ್‌ಗಳಲ್ಲಿ ರೋಟಾಲ್ ಸಂಸ್ಥೆಯ ಪ್ರೊಪೆಲರ್ ಇದ್ದವಕ್ಕೆ ಬಹುಮಟ್ಟಿಗೆ ಮರದ ಅಲಗುಗಳಿದ್ದವು. ಲೋಹ ಅವುಗಳ ಅಂಚಿನ ಹೊದಿಕೆಗೂ ಬುಡದ ತೋಳಿಗೂ ಸೀಮಿತ. ‘ಯುದ್ಧಕಾಲದ ಪ್ರೊಪೆಲರ್ ಲೋಹ’ ಎಂಬ ಶೀರ್ಷಿಕೆಯಡಿ ಹರಿಕೇನ್ ಹೆಸರನ್ನು ಸೇರಿಸುವ ಮುನ್ನ ಇದನ್ನು ಪರಿಶೀಲಿಸಬೇಕು.

ಬೆಂಗಳೂರಿಗೆ ಬಂದ ಅಮೆರಿಕನ್ ವಿಮಾನಗಳಲ್ಲಿ ಹೆಚ್ಚಿನವು ಹ್ಯಾಮಿಲ್ಟನ್ ಸ್ಟ್ಯಾಂಡರ್ಡ್ ಹೈಡ್ರೊಮ್ಯಾಟಿಕ್ ಪ್ರೊಪೆಲರ್ ಬಳಸಿದವು: ಸಿ-47, ಬಿ-24, ಕ್ಯಾಟಲೀನಾ, ವೆಂಜನ್ಸ್. ಇವುಗಳ ಅಲಗು ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹ, ನಡುವಿನ ಗುಂಬ ಮಿಶ್ರ ಉಕ್ಕು. ಹಾಕ್ ವಿಮಾನಕ್ಕೆ ಕರ್ಟಿಸ್ ಎಲೆಕ್ಟ್ರಿಕ್. ಕರ್ಟಿಸ್ ಸಂಸ್ಥೆ ಅಲ್ಯೂಮಿನಿಯಂ ಅಲಗನ್ನೂ ಟೊಳ್ಳು ಉಕ್ಕಿನ ಅಲಗನ್ನೂ ಮಾಡಿದ್ದರಿಂದ ತಯಾರಕರ ಹೆಸರು ಇಲ್ಲಿ ಸಾಲದು. ಒಂದು ಆಯಸ್ಕಾಂತ ಸಾಕು.

3.2. ಮಿಶ್ರಲೋಹದ ಹೆಸರು. ಹ್ಯಾಮಿಲ್ಟನ್ ಅಲಗಿನ ಲೋಹವನ್ನು ಯುದ್ಧಕಾಲದ ಅಮೆರಿಕನ್ ಬರಹಗಳು 25ಎಸ್-ಟಿ ಎನ್ನುತ್ತವೆ: ಅಲ್ಯೂಮಿನಿಯಂಗೆ ಸುಮಾರು ಶೇ 4.5 ತಾಮ್ರ, ಮ್ಯಾಂಗನೀಸ್ ಮತ್ತು ಸಿಲಿಕಾನ್ ತಲಾ ಶೇ 0.8ರಷ್ಟು. 1954ರಲ್ಲಿ ಅಮೆರಿಕದ ಅಲ್ಯೂಮಿನಿಯಂ ಉದ್ಯಮ ನಾಲ್ಕಂಕಿಯ ಪದ್ಧತಿಗೆ ಬದಲಾಯಿತು. ಆಗ 25ಎಸ್ ಎಂಬುದು 2025 ಆಯಿತು. 17ಎಸ್, 24ಎಸ್ ಕ್ರಮವಾಗಿ 2017, 2024 ಆದವು. ಹಾಗಾಗಿ 1944ರ ಅಲಗಿನ ವಿವರಣೆಯಲ್ಲಿ ‘2025’ ಕಂಡರೆ ಆ ವಿವರಣೆ 1954ರ ನಂತರ ಬರೆದದ್ದೋ ತಿದ್ದಿದ್ದೋ ಆಗಿರಬೇಕು. ಆಕರದ ಕಾಲನಿರ್ಣಯಕ್ಕೆ ಇದೊಂದು ಉಪಯುಕ್ತ ಸುಳಿವು.

ಇವೆಲ್ಲವನ್ನೂ ಸಾರಾಸಗಟಾಗಿ ‘ಡ್ಯುರಾಲುಮಿನ್’ ಎನ್ನುವ ರೂಢಿಯೂ ಇದೆ. ಆಲ್ಫ್ರೆಡ್ ವಿಲ್ಮ್ 1906ರ ಸುಮಾರಿಗೆ ಜರ್ಮನಿಯಲ್ಲಿ ಕಂಡುಕೊಂಡ, 1909ರಲ್ಲಿ ಮಾರುಕಟ್ಟೆಗೆ ಬಂದ ಮೂಲ ಡ್ಯುರಾಲುಮಿನ್‌ನಲ್ಲಿ ತಾಮ್ರದ ಜೊತೆ ಸುಮಾರು ಶೇ 0.5 ಮೆಗ್ನೀಸಿಯಂ ಇರುತ್ತದೆ. 25ಎಸ್‌ನಲ್ಲಿ ಮೆಗ್ನೀಸಿಯಂ ಉದ್ದೇಶಪೂರ್ವಕ ಘಟಕವಲ್ಲ. ಎರಡೂ ತಾಮ್ರದಿಂದ ಗಟ್ಟಿಯಾಗುವ ಕುಟುಂಬಕ್ಕೇ ಸೇರಿದವು, ನಿಜ. ಆದರೂ ಕಟ್ಟುನಿಟ್ಟಾಗಿ ಹೇಳುವುದಾದರೆ ಹ್ಯಾಮಿಲ್ಟನ್ ಅಲಗನ್ನು ಡ್ಯುರಾಲುಮಿನ್ ಎನ್ನುವುದು ಸಡಿಲ ಬಳಕೆ.

3.3. ಹದ. ವಿಲ್ಮ್ ಗಮನಿಸಿದ್ದು ಇದನ್ನು: ಬಿಸಿ ಮಾಡಿ ನೀರಿನಲ್ಲಿ ತಟ್ಟನೆ ತಣಿಸಿದ ಈ ಲೋಹ ಆ ಗಳಿಗೆಯಲ್ಲಿ ಮೃದುವಾಗಿದ್ದು, ಕೆಲವು ದಿನಗಳಲ್ಲಿ ತಾನಾಗಿ ಗಟ್ಟಿಯಾಗುತ್ತದೆ. ಕಾರಣ ಸ್ಪಷ್ಟವಾದದ್ದು 1938ರಲ್ಲಿ, ವಿಜ್ಞಾನಿಗಳಾದ ಗಿನಿಯೆ ಮತ್ತು ಪ್ರೆಸ್ಟನ್ ಪ್ರತ್ಯೇಕವಾಗಿ ನಡೆಸಿದ ಎಕ್ಸ್-ಕಿರಣ ಅಧ್ಯಯನಗಳಿಂದ: ತಾಮ್ರದ ಪರಮಾಣುಗಳು ಅಲ್ಯೂಮಿನಿಯಂ ಜಾಲದೊಳಗೆ ಅತಿ ತೆಳುವಾದ ಬಿಲ್ಲೆಗಳಾಗಿ ಕೂಡಿಕೊಂಡು ಪದರಗಳ ಜಾರುವಿಕೆಯನ್ನು ತಡೆಯುತ್ತವೆ. 25ಎಸ್-ಟಿ ಎಂಬುದರ ಕೊನೆಯ ‘ಟಿ’ ಸೂಚಿಸುವುದು ಹೀಗೆ ಬಿಸಿ ಹದಕ್ಕೆ ತಂದ ಸ್ಥಿತಿಯನ್ನು. ಅಲಗಿನ ವಿಷಯದಲ್ಲಿ ಗಟ್ಟಿಯಾಗುವಿಕೆಯನ್ನು ಕುಲುಮೆಯಲ್ಲಿ, ನಿಯಂತ್ರಿತ ಉಷ್ಣತೆಯಲ್ಲಿ ಪೂರೈಸುತ್ತಿದ್ದರು.

ದುರಸ್ತಿ ಡಿಪೊ ಮುಖ್ಯವಾಗುವುದು ಇಲ್ಲಿ. ಸ್ವಲ್ಪ ಬಾಗಿದ ಅಲಗನ್ನು ತಣ್ಣಗಿರುವಾಗಲೇ ನೇರ ಮಾಡಲು ಅನುಮತಿ ಇತ್ತು. ಬಾಗಿದ ಕೋನಕ್ಕೂ ಆ ಸ್ಥಳದ ದಪ್ಪಕ್ಕೂ ತಾಳೆ ನೋಡುವ ಕೋಷ್ಟಕಗಳಿದ್ದವು. ಮಿತಿ ಮೀರಿದರೆ ಅಲಗನ್ನು ಮೆದುಗೊಳಿಸಿ, ನೇರ ಮಾಡಿ, ಮತ್ತೆ ಹದಕ್ಕೆ ತರಬೇಕು, ಇಲ್ಲವೇ ಗುಜರಿಗೆ ಹಾಕಬೇಕು. ಅಂದರೆ ರಾಸಾಯನಿಕವಾಗಿ ಒಂದೇ ಆದ ಎರಡು ಅಲಗುಗಳ ಬಲ ಬೇರೆ ಬೇರೆ ಇರಬಹುದು. ಬೆಂಕಿಯಲ್ಲಿ ಬಿದ್ದ ವಿಮಾನದ ಅಲಗು ಸಂಯೋಜನೆಯಲ್ಲಿ ಇನ್ನೂ 25ಎಸ್, ಹದದಲ್ಲಿ ಅಲ್ಲ. ಸಂಯೋಜನೆ ಅಳೆದು ‘25ಎಸ್-ಟಿ’ ಎಂದು ದಾಖಲಿಸುವುದು ಅಳೆಯದ್ದನ್ನು ಹೇಳಿದಂತೆ.

3.4. ಅಚ್ಚೊತ್ತಿದ ಸಂಖ್ಯೆ. ಸಿ-47ರ ಗುಂಬದ ಮಾದರಿ 23ಇ50. ಇದರಲ್ಲಿ 3 ಅಲಗುಗಳ ಸಂಖ್ಯೆ, ‘ಇ’ ಅಲಗಿನ ಬುಡದ ಗಾತ್ರ, 50 ಎಂಜಿನ್ ದಂಡದ ಹಲ್ಲಿನ ಗಾತ್ರ. ಮೊದಲ 2 ಗುಂಬದ ವಿನ್ಯಾಸದ ಪರಿಷ್ಕರಣೆ. ಅಲಗಿನ ಮೇಲೆ 6353ಎ-18 ಎಂದಿದ್ದರೆ 6353 ವಿನ್ಯಾಸದ ಸಂಖ್ಯೆ, ಕೊನೆಯ 18 ಮೂಲ ವ್ಯಾಸದಿಂದ ತಗ್ಗಿಸಿದ ಇಂಚುಗಳು. ಅದೇ ವಿಮಾನಕ್ಕೆ ಬರುವ ಇನ್ನೊಂದು ಅಲಗು 6477ಎ-0; ಇಲ್ಲಿ ತಗ್ಗಿಸಿದ್ದು ಸೊನ್ನೆ. ಈ ಅಂಕಿಗಳಲ್ಲಿ ಆಕಾರ, ಅಳತೆ, ಹೊಂದಾಣಿಕೆ ಎಲ್ಲವೂ ಇವೆ. ಲೋಹ ಮಾತ್ರ ನೇರವಾಗಿ ಇಲ್ಲ. ತಯಾರಕರ ವಿವರಣೆಯ ಮೂಲಕ ಲೋಹಕ್ಕೆ ಹೋಗಬಹುದು, ಆದರೆ ಅದು ಎರಡನೆಯ ಹೆಜ್ಜೆ. 18 ಅಥವಾ 25 ಎಂಬ ಅಂಕಿಯನ್ನು ಮಿಶ್ರಲೋಹದ ಸಂಖ್ಯೆ ಎಂದು ಓದಿಬಿಡುವ ಅಪಾಯ ಇರುವುದರಿಂದ ಇದನ್ನು ಬಿಡಿಸಿ ಹೇಳಬೇಕಾಯಿತು.

4. ಎಂಜಿನ್

4.1. ಹೆಸರುಗಳ ಗೊಂದಲ. ಸಿ-47, ಕ್ಯಾಟಲೀನಾ, ಬಿ-24 ಮೂರಕ್ಕೂ ಇದ್ದದ್ದು ಪ್ರ್ಯಾಟ್ ಅಂಡ್ ವಿಟ್ನಿಯ 14 ಸಿಲಿಂಡರುಗಳ ಟ್ವಿನ್ ವಾಸ್ಪ್. ಇದರ ಸೇನಾ ಹೆಸರು ಆರ್-1830. ಇದರಲ್ಲಿ 1830 ಎಂಬುದು ಘನ ಇಂಚುಗಳಲ್ಲಿ ಕೊಟ್ಟ ಒಟ್ಟು ಸಿಲಿಂಡರ್ ಗಾತ್ರ, ಸುಮಾರು 30 ಲೀಟರ್. ಒಟ್ಟು 1,73,618 ತಯಾರಾದವೆಂಬುದು ಪ್ರಚಲಿತ ಲೆಕ್ಕ. ಅದೇ ಎಂಜಿನ್ನಿಗೆ ನಾಗರಿಕ ವಿಮಾನಗಳಲ್ಲಿ ಎಸ್1ಸಿ3ಜಿ ಮುಂತಾದ ಹೆಸರುಗಳು. ಹಾಕ್‌ನ ಎಂಜಿನ್ 9 ಸಿಲಿಂಡರುಗಳ ರೈಟ್ ಆರ್-1820. ವೆಂಜನ್ಸ್‌ನದು 14 ಸಿಲಿಂಡರುಗಳ ರೈಟ್ ಆರ್-2600, ಸುಮಾರು 1,600 ಅಶ್ವಶಕ್ತಿ. ಮೊದಲ ವೆಂಜನ್ಸ್ ಮಾದರಿಗಳಲ್ಲಿ ರಫ್ತು ಹೆಸರಿನ ಎ5ಬಿ, ನಾಲ್ಕನೆಯ ಮಾದರಿಯಲ್ಲಿ ಸೇನಾ ಹೆಸರಿನ ಆರ್-2600-13.

ಇದು ಬರಿಯ ಪಟ್ಟಿಯ ಪ್ರಶ್ನೆ ಅಲ್ಲ. ಆರ್-2600ರ ‘ಎ’ ಸರಣಿಯಲ್ಲಿ ನಡುಭಾಗದ ಕ್ರ್ಯಾಂಕ್ ಕವಚ ಅಲ್ಯೂಮಿನಿಯಂ ಎಂದೂ, ನಂತರದ ‘ಬಿ’ ಸರಣಿಯಲ್ಲಿ ಕುಟ್ಟಿದ ಉಕ್ಕು ಎಂದೂ ಸಾಮಾನ್ಯವಾಗಿ ಹೇಳಲಾಗುತ್ತದೆ. ಇದು ಸರಿಯಾದರೆ, ಭಾರತೀಯ ವಾಯುಪಡೆಯ 7 ಮತ್ತು 8ನೆಯ ಸ್ಕ್ವಾಡ್ರನ್‌ಗಳು 1944ರಲ್ಲಿ ಬರ್ಮಾದ ಮೇಲೆ ಹಾರಿಸಿದ ವೆಂಜನ್ಸ್‌ಗಳ ಕವಚ ಯಾವ ಲೋಹದ್ದು ಎಂಬುದನ್ನು ‘ವೆಂಜನ್ಸ್’ ಎಂಬ ಹೆಸರು ಹೇಳಲಾರದು. ಮಾದರಿ ಸಂಖ್ಯೆಯೂ ಎಂಜಿನ್ ಸರಣಿಯೂ ಬೇಕು.

4.2. ಭಾಗಗಳು. ಆರ್-1830ನ್ನು ಉದಾಹರಣೆಯಾಗಿ ಇಟ್ಟುಕೊಂಡರೆ ಒಂದೇ ಎಂಜಿನ್ನಿನಲ್ಲಿ ಕನಿಷ್ಠ ಐದು ಲೋಹಕುಟುಂಬಗಳು ಸಿಗುತ್ತವೆ. ನಡುವಿನ ಕ್ರ್ಯಾಂಕ್ ಕವಚ ಕುಟ್ಟಿದ ಅಲ್ಯೂಮಿನಿಯಂ. ಮೂತಿಯ ಭಾಗ ಮತ್ತು ಹಿಂಭಾಗದ ಕವಚಗಳು ಬಹುಮಟ್ಟಿಗೆ ಮೆಗ್ನೀಸಿಯಂ ಎರಕ. ಸಿಲಿಂಡರಿನ ಕೊಳವೆ ಕ್ರೋಮ್-ಮಾಲಿಬ್ಡಿನಂ ಉಕ್ಕು. ಅದರ ತಲೆ ಅಲ್ಯೂಮಿನಿಯಂ ಎರಕ. ಇಂಥ ತಲೆಗಳ ಮಿಶ್ರಲೋಹ ಹಲವು ಎಂಜಿನ್‌ಗಳಲ್ಲಿ ವೈ-ಮಿಶ್ರಲೋಹದ ವಂಶದ್ದು: ತಾಮ್ರ ಶೇ 4, ನಿಕಲ್ ಶೇ 2, ಮೆಗ್ನೀಸಿಯಂ ಶೇ 1.5. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ರೂಪಗೊಂಡದ್ದು. ನಿಕಲ್ ಸೇರಿಸಿದ್ದು ಬಿಸಿಯಲ್ಲೂ ಬಲ ಉಳಿಯಲೆಂದು.

ರೈಟ್ ಎಂಜಿನ್‌ಗಳ ಕ್ರಮ ಸ್ವಲ್ಪ ಬೇರೆ. ಅವುಗಳ ಸಿಲಿಂಡರ್ ಕೊಳವೆಗೆ ಅಲ್ಯೂಮಿನಿಯಂ ಅಂಶವಿರುವ ಉಕ್ಕನ್ನು ಬಳಸಿ, ಒಳಮೈಗೆ ಸಾರಜನಕ ಹಿಡಿಸಿ ಗಡಸು ಮಾಡುತ್ತಿದ್ದರು. ನಂತರದ ಎಂಜಿನ್‌ಗಳಲ್ಲಿ ಕೊಳವೆಯ ಹೊರಮೈಯ ತೋಡುಗಳಲ್ಲಿ ತೆಳು ಅಲ್ಯೂಮಿನಿಯಂ ರೆಕ್ಕೆಗಳನ್ನು ಒತ್ತಿ ಕೂರಿಸಿದರು. ಹೊರಗಿನಿಂದ ನೋಡಿ ‘ಅಲ್ಯೂಮಿನಿಯಂ ಸಿಲಿಂಡರ್’ ಎಂದರೆ ತಪ್ಪಾಗುವುದು ಇಂಥಲ್ಲಿ.

ಮುಖ್ಯ ಕನೆಕ್ಟಿಂಗ್ ರಾಡಿನ ಬೇರಿಂಗ್ ಉಕ್ಕಿನ ಬೆನ್ನಿನ ಮೇಲೆ ಬೆಳ್ಳಿಯ ಪದರ. ಅದರ ಮೇಲೆ ತೆಳುವಾಗಿ ಸೀಸ ಮತ್ತು ಇಂಡಿಯಂ. ಬೆಳ್ಳಿ ಹೊರೆ ತಡೆಯುತ್ತದೆ, ಸೀಸ ಉಜ್ಜಾಟ ತಗ್ಗಿಸುತ್ತದೆ, ಇಂಡಿಯಂ ಎಣ್ಣೆಯಲ್ಲಿನ ಆಮ್ಲದಿಂದ ಸೀಸವನ್ನು ಕಾಯುತ್ತದೆ. ಇಂಡಿಯಂ ದೊಡ್ಡ ಪ್ರಮಾಣದಲ್ಲಿ ಬಳಕೆಯಾದದ್ದೇ ಮೊದಲು ಈ ಬೇರಿಂಗ್‌ಗಳಲ್ಲಿ ಎನ್ನುತ್ತಾರೆ. ತೂಕದಲ್ಲಿ ನಗಣ್ಯವಾದ, ಭಾಗಗಳ ಪಟ್ಟಿಗಳಲ್ಲಿ ಬಿಟ್ಟುಹೋಗುವ ಈ ಪದರ ಇಲ್ಲದಿದ್ದರೆ ಉಳಿದ ಲೋಹಗಳೆಲ್ಲ ಹೆಚ್ಚು ಹೊತ್ತು ಕೆಲಸ ಮಾಡುತ್ತಿರಲಿಲ್ಲ.

ನಿಷ್ಕಾಸ ಕವಾಟದ ಕಾಂಡ ಟೊಳ್ಳು. ಒಳಗೆ ಅರ್ಧದಷ್ಟು ಸೋಡಿಯಂ. ಕವಾಟ ಬಿಸಿಯಾದಾಗ ಸೋಡಿಯಂ ಕರಗಿ, ಮೇಲೆ ಕೆಳಗೆ ತುಳುಕಿ, ತಲೆಯ ಶಾಖವನ್ನು ಕಾಂಡಕ್ಕೆ ಒಯ್ಯುತ್ತದೆ. ಈ ವಿನ್ಯಾಸವನ್ನು ಎಂಜಿನಿಯರ್ ಸ್ಯಾಮ್ ಹೆರಾನ್ ಅವರ ಹೆಸರಿನೊಂದಿಗೆ ಸೇರಿಸಿ ಹೇಳುವುದು ವಾಡಿಕೆ. ಕವಾಟ ಕೂರುವ ಅಂಚಿಗೆ ಕೋಬಾಲ್ಟ್ ಮೂಲದ ಸ್ಟೆಲೈಟ್ ಲೇಪ.

4.3. ಮೆಗ್ನೀಸಿಯಂ ಮತ್ತು ಉಪ್ಪುನೀರು. ಕ್ಯಾಟಲೀನಾಗಳು ಸಮುದ್ರದ ಕಾವಲಿನವು. ಉಪ್ಪುನೀರಿನ ಸಂಪರ್ಕದಲ್ಲಿ ಉಕ್ಕಿನ ಬೋಲ್ಟು ಕೂತ ಮೆಗ್ನೀಸಿಯಂ ಎರಕ ಬೇಗ ಸವೆಯುತ್ತದೆ. ಎರಡು ಲೋಹಗಳ ನಡುವೆ ಹರಿಯುವ ವಿದ್ಯುತ್ ಇದಕ್ಕೆ ಕಾರಣ. ಆದ್ದರಿಂದ ಇಂಥ ಕವಚಗಳಿಗೆ ಡೈಕ್ರೊಮೇಟ್ ಸಂಸ್ಕಾರವೂ ಬಣ್ಣವೂ ಕಡ್ಡಾಯ. ಹಳೆಯ ಕವಚವೊಂದರ ಮೇಲೆ ಹಳದಿ ಇಲ್ಲವೇ ಕಂದು ಛಾಯೆ ಕಂಡರೆ ಅದು ಮೆಗ್ನೀಸಿಯಂ ಇರಬಹುದೆಂಬುದಕ್ಕೆ ಪೂರಕ ಸಾಕ್ಷ್ಯ. ಅಷ್ಟರಿಂದಲೇ ನಿರ್ಣಯ ಸಲ್ಲದು, ಅಲ್ಯೂಮಿನಿಯಂಗೂ ಕ್ರೋಮೇಟ್ ಸಂಸ್ಕಾರ ಉಂಟು.

5. ಟರ್ಬೊ ಸೂಪರ್‌ಚಾರ್ಜರ್

ಸಿ-47ಕ್ಕೂ ಬಿ-24ಕ್ಕೂ ಆರ್-1830 ಒಂದೇ ಆದರೂ, ಬಿ-24ರ ಆರ್-1830-65ಕ್ಕೆ ಜನರಲ್ ಎಲೆಕ್ಟ್ರಿಕ್‌ನ ಟರ್ಬೊ ಸೂಪರ್‌ಚಾರ್ಜರ್ ಜೋಡಿಸಲಾಗಿತ್ತು. ಸಿ-47ರ -92ಕ್ಕೆ ಅದಿಲ್ಲ. ಎಂಜಿನ್ನಿನ ಹೊಗೆಯೇ ತಿರುಗಿಸುವ ಈ ಚಕ್ರದ ಹಲ್ಲುಗಳು ಕೆಂಪಗೆ ಕಾದ ಅನಿಲದಲ್ಲಿ ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತುಗಳ ಆಸುಪಾಸಿನಲ್ಲಿ ತಿರುಗಬೇಕು. ಅಲ್ಯೂಮಿನಿಯಂಗೆ ಇಲ್ಲಿ ಜಾಗವೇ ಇಲ್ಲ. ತಾಮ್ರದಿಂದ ಗಟ್ಟಿಯಾದ ಮಿಶ್ರಲೋಹಗಳು 200 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಬಲ ಕಳೆದುಕೊಳ್ಳತೊಡಗುತ್ತವೆ.

ಯುದ್ಧದ ನಡುವೆ ಸಿಕ್ಕ ಪರಿಹಾರ ವೈಟಾಲಿಯಂ: ಕೋಬಾಲ್ಟ್ ಸುಮಾರು ಶೇ 62, ಕ್ರೋಮಿಯಂ ಶೇ 27, ಮಾಲಿಬ್ಡಿನಂ ಶೇ 5–6. ಇದು 1932ರ ಸುಮಾರಿಗೆ ಅಮೆರಿಕದ ಆಸ್ಟೆನಲ್ ಪ್ರಯೋಗಾಲಯದಲ್ಲಿ ಕೃತಕ ದಂತದ ಚೌಕಟ್ಟಿಗಾಗಿ ರೂಪಿಸಿದ ಲೋಹ. 1938ರಿಂದ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಗೂ ಬಂದಿತ್ತು. ಗಡಸಾದ್ದರಿಂದ ಕುಟ್ಟಲಾಗದು, ಕೊರೆಯುವುದೂ ಕಷ್ಟ. ದಂತವೈದ್ಯರು ಬಳಸುತ್ತಿದ್ದ ಮೇಣದಚ್ಚಿನ ಎರಕವೇ ಟರ್ಬೈನ್ ಹಲ್ಲಿಗೂ ಸಂದಿತು. ಚಕ್ರದ ಬಿಲ್ಲೆ ಮಾತ್ರ ಬೇರೆ: ಕ್ರೋಮಿಯಂ, ನಿಕಲ್, ಮಾಲಿಬ್ಡಿನಂ ಅನುಕ್ರಮವಾಗಿ 16-25-6 ಪ್ರಮಾಣದ ಟಿಮ್‌ಕೆನ್ ಉಕ್ಕು. ಮೇಣದಚ್ಚಿನ ಎರಕ ನಮ್ಮ ಕಂಚುಗಾರರಿಗೆ ಶತಮಾನಗಳಿಂದ ಗೊತ್ತಿದ್ದ ವಿದ್ಯೆ. ಇಲ್ಲಿ ಹೊಸದು ಲೋಹವೂ ಅಳತೆಯ ನಿಖರತೆಯೂ.

6. ಲಿಬರೇಟರ್: ಬೆರಕೆಯ ಸಮಸ್ಯೆ

ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಹಾಳುಗೆಡವಿ ಬಿಟ್ಟಿದ್ದ ಬಿ-24 ಲಿಬರೇಟರ್‌ಗಳನ್ನು 1948ರಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ಬೆಂಗಳೂರಿಗೆ ತಂದು ಮತ್ತೆ ಹಾರುವಂತೆ ಮಾಡಿತು. ಕಾನ್ಪುರದಿಂದ ಅವನ್ನು ಹಾರಿಸಿಕೊಂಡು ಬಂದವರು ಸಂಸ್ಥೆಯ ಪೈಲಟ್ ಜಮ್ಷೆಡ್ ಮುನ್ಷಿ. 1948ರ ನವೆಂಬರಿನಲ್ಲಿ 5ನೆಯ ಸ್ಕ್ವಾಡ್ರನ್ ಇವುಗಳೊಂದಿಗೆ ರೂಪುಗೊಂಡಿತು. ಕೊನೆಯವು 1968ರಲ್ಲಿ ನಿವೃತ್ತವಾದವು. ಒಟ್ಟು ಸಂಖ್ಯೆಯ ಬಗ್ಗೆ ಬರಹಗಳು ಒಮ್ಮತದಲ್ಲಿಲ್ಲ. ‘ನಲವತ್ತರ ಮೇಲೆ’ ಎನ್ನುವುದು ಸುರಕ್ಷಿತ.

ಲೋಹದ ಸಂಶೋಧಕರಿಗೆ ಇದು ಎಚ್ಚರಿಕೆಯ ಪ್ರಕರಣ. ಒಂದು ವಿಮಾನಕ್ಕೆ ಇನ್ನೊಂದರ ಭಾಗ ಸೇರಿಸದೆ ಇಂಥ ಕೆಲಸ ಸಾಗುವುದಿಲ್ಲ. ಲಂಡನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿರುವ ಕೆಎನ್751 ಭಾರತದಲ್ಲಿ ಎಚ್‌ಇ807 ಆಗಿ ಸೇವೆ ಸಲ್ಲಿಸಿ 1974ರಲ್ಲಿ ಬ್ರಿಟನ್ನಿಗೆ ಹೋದದ್ದು. ಅದರ ಕ್ರಮಸಂಖ್ಯೆ ಮೈಕಟ್ಟಿನದು. ಅದರ ಮೇಲಿನ ಪ್ರತಿ ಅಲಗೂ ಪ್ರತಿ ಎಂಜಿನ್ನೂ ಕಾರ್ಖಾನೆಯಿಂದ ಅದರೊಂದಿಗೇ ಹೊರಟವೆಂದು ಊಹಿಸಲು ಕಾರಣವಿಲ್ಲ. ಪ್ರೊಪೆಲರ್‌ಗಳಿಗೂ ಎಂಜಿನ್‌ಗಳಿಗೂ ತಮ್ಮದೇ ದಿನಚರಿ ಪುಸ್ತಕಗಳಿದ್ದದ್ದು ಇದಕ್ಕಾಗಿಯೇ. ಭಾಗದ ಚರಿತ್ರೆಯನ್ನು ವಿಮಾನದ ಚರಿತ್ರೆಯಿಂದ ಬೇರೆಯಾಗಿ ಬರೆಯುವುದು ಮೇಲು.

7. 1965ರ ಎರಡು ಎಂಜಿನ್‌ಗಳು

ದೇವಯ್ಯನವರು 1ನೆಯ ಸ್ಕ್ವಾಡ್ರನ್ನಿನವರು. ಆದಂಪುರದಿಂದ ಹೊರಟ ದಾಳಿಯಲ್ಲಿ ಕಾಯ್ದಿರಿಸಿದ ಪೈಲಟ್ ಆಗಿದ್ದು, ಜಾಗ ತೆರವಾದಾಗ ಸೇರಿಕೊಂಡರು. ಅವರ ಮಿಸ್ಟೇರ್ ಒಂದು ಎಫ್-104 ಸ್ಟಾರ್‌ಫೈಟರನ್ನು ಉರುಳಿಸಿತೆಂಬುದು ಹೊರಬಂದದ್ದು 1979ರಲ್ಲಿ, ಜಾನ್ ಫ್ರಿಕರ್ ಅವರ ಪುಸ್ತಕದ ಮೂಲಕ. ಮರಣೋತ್ತರ ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಘಟನೆಗೂ ಮನ್ನಣೆಗೂ ನಡುವಿನ 23 ವರ್ಷಗಳು, ಆಕರವೊಂದು ತಡವಾಗಿ ತೆರೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯದೇ ನಿದರ್ಶನ. ಆ ತಡ ನೋವಿನದು.

ಭಾರತ ಕೊಂಡ ಮಿಸ್ಟೇರ್‌ಗಳ ಸಂಖ್ಯೆ ಕೆಲವೆಡೆ 104, ಕೆಲವೆಡೆ 110. ಎಂಜಿನ್ ವಿಷಯದಲ್ಲೂ ಕವಲು ಇದೆ: ಫ್ರಾನ್ಸಿನ ಮೊದಲ ಮಿಸ್ಟೇರ್ 4ಎಗಳಿಗೆ ರೋಲ್ಸ್-ರಾಯ್ಸ್ ಟೇ, ನಂತರದವಕ್ಕೆ ಅದರಿಂದಲೇ ಬೆಳೆದ ಇಸ್ಪಾನೊ-ಸ್ವಿಜಾ ವೆರ್ಡೊನ್ 350, ಸುಮಾರು 3,500 ಕಿಲೊಗ್ರಾಂ ನೂಕುಬಲ. ಭಾರತಕ್ಕೆ ಬಂದವು ವೆರ್ಡೊನ್‌ನವು. ಇದು ರೋಲ್ಸ್-ರಾಯ್ಸ್ ನೀನ್ ವಂಶದ ಎಂಜಿನ್ ಆದ್ದರಿಂದ ಗಾಳಿ ಒತ್ತುವ ಚಕ್ರ ಕೇಂದ್ರಾಪಗಾಮಿ ಮಾದರಿಯದು. ಆ ವಂಶದಲ್ಲಿ ಅದನ್ನು ಕುಟ್ಟಿದ ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡುತ್ತಿದ್ದರು. ಅಂದರೆ 3ನೆಯ ಭಾಗದ ಅಲಗಿನ ಲೋಹಕುಟುಂಬ, ಪ್ರೊಪೆಲರ್ ಮಾಯವಾದ ಮೇಲೂ, ಎಂಜಿನ್ನಿನ ಒಳಗೆ ತಣ್ಣನೆಯ ತುದಿಯಲ್ಲಿ ಉಳಿದುಕೊಂಡಿತು.

ಬಿಸಿ ತುದಿಯಲ್ಲಿ ಬ್ರಿಟಿಷ್ ಸಂಪ್ರದಾಯ ಕೋಬಾಲ್ಟ್ ಬಿಟ್ಟು ನಿಕಲ್ ಹಿಡಿದಿತ್ತು. 1940ರ ದಶಕದ ಆರಂಭದ ನಿಮೋನಿಕ್ 75, 80 ಮತ್ತು ಆಮೇಲಿನ 80ಎ: ನಿಕಲ್ ಸುಮಾರು ಶೇ 75, ಕ್ರೋಮಿಯಂ ಶೇ 20; 80ಎಯಲ್ಲಿ ಟೈಟಾನಿಯಂ ಶೇ 2.4, ಅಲ್ಯೂಮಿನಿಯಂ ಶೇ 1.4ರ ಸುತ್ತ. ಗಟ್ಟಿಯಾಗುವ ತತ್ತ್ವ 3.3ರಲ್ಲಿ ಹೇಳಿದ್ದೇ, ಅತಿ ಸೂಕ್ಷ್ಮ ಕಣಗಳು ಜಾಲವನ್ನು ಬಿಗಿಹಿಡಿಯುವುದು; ಕಣ ಬೇರೆ, ಉಷ್ಣತೆ ಬೇರೆ. ಕಾರ್ಯಪ್ಪನವರ ಹಂಟರ್‌ನ ಏವನ್ 200 ಸರಣಿಯ ಎಂಜಿನ್ ಸಾಲುಸಾಲು ಅಲಗುಗಳ ಅಕ್ಷೀಯ ಮಾದರಿಯದು, ಸುಮಾರು 4,500 ಕಿಲೊಗ್ರಾಂ ನೂಕುಬಲದ್ದು. ಅದರ ಟರ್ಬೈನ್ ಅಲಗುಗಳೂ ನಿಮೋನಿಕ್ ಕುಟುಂಬದವು.

8. ಪರೀಕ್ಷೆ ಮತ್ತು ದಾಖಲೆ

ಭಾಗವೊಂದು ಕೈಗೆ ಬಂದರೆ ಮೊದಲು ಆಯಸ್ಕಾಂತ, ಆಮೇಲೆ ಸಾಂದ್ರತೆ (ಘನ ಸೆಂಟಿಮೀಟರಿಗೆ ಗ್ರಾಂಗಳಲ್ಲಿ). ಮೆಗ್ನೀಸಿಯಂ ಮಿಶ್ರಲೋಹ ಸುಮಾರು 1.8, ಅಲ್ಯೂಮಿನಿಯಂ 2.8, ಉಕ್ಕು 7.8, ಕೋಬಾಲ್ಟ್ ಮಿಶ್ರಲೋಹ 8.3. ನೀರಿನಲ್ಲಿ ಮುಳುಗಿಸಿ ತೂಗಿದರೆ ಈ ನಾಲ್ಕನ್ನು ಬೇರ್ಪಡಿಸಬಹುದು; ಮೆಗ್ನೀಸಿಯಂ ಎಂಬ ಅನುಮಾನವಿದ್ದರೆ ಕೂಡಲೇ ಒರಸಿ ಒಣಗಿಸಬೇಕು. ಕೈಯಲ್ಲಿ ಹಿಡಿಯುವ ಎಕ್ಸ್-ಕಿರಣ ಪ್ರತಿದೀಪ್ತಿ ಯಂತ್ರ ತಾಮ್ರ, ನಿಕಲ್, ಕೋಬಾಲ್ಟ್‌ಗಳನ್ನು ಚೆನ್ನಾಗಿ ಓದುತ್ತದೆ, ಮೆಗ್ನೀಸಿಯಂನಂಥ ಹಗುರ ಧಾತುಗಳನ್ನು ದುರ್ಬಲವಾಗಿ. ಬಣ್ಣದ ಮೇಲೆ ಇಟ್ಟರೆ ಬಣ್ಣದ ಕ್ರೋಮಿಯಂ, ಸತುವನ್ನೇ ಲೋಹದ ಲೆಕ್ಕಕ್ಕೆ ಸೇರಿಸುತ್ತದೆ. ಹದವನ್ನು ಅದು ಓದುವುದಿಲ್ಲ. ಅದಕ್ಕೆ ಗಡಸುತನದ ಪರೀಕ್ಷೆ ಬೇಕು.

ಮಾಡಬಾರದ್ದು ಎರಡಿವೆ. ನಿಷ್ಕಾಸ ಕವಾಟವನ್ನು ಕತ್ತರಿಸಬಾರದು: ಒಳಗಿನ ಸೋಡಿಯಂ ನೀರು ತಾಗಿದರೆ ಸ್ಫೋಟಿಸಬಹುದು. ಮೆಗ್ನೀಸಿಯಂ ಕವಚವನ್ನು ಉಜ್ಜುಗಲ್ಲಿಗೆ ಕೊಡಬಾರದು: ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಿ ಆರಿಸಲಾಗದು. 1950ರ ನಂತರದ ಕೆಲವು ಜೆಟ್ ಎಂಜಿನ್ ಎರಕಗಳಲ್ಲಿ ಮೆಗ್ನೀಸಿಯಂ ಜೊತೆ ಥೋರಿಯಂ ಕೂಡ ಇರುವುದರಿಂದ ಆ ಕಾಲದ ಭಾಗಕ್ಕೆ ವಿಕಿರಣ ಮಾಪಕ ಹಿಡಿದು ನೋಡುವುದು ಕ್ಷೇಮ.

ದಾಖಲಿಸುವಾಗ ಪ್ರತಿ ಹೇಳಿಕೆಯ ಪಕ್ಕದಲ್ಲಿ ಆಧಾರದ ಮಟ್ಟವನ್ನು ನಮೂದಿಸಬೇಕೆಂಬುದು ಸಲಹೆ: ‘ಮಾದರಿ’ (ತಯಾರಕರ ವಿವರಣೆ), ‘ಅಚ್ಚು’ (ಭಾಗದ ಮೇಲಿನ ಸಂಖ್ಯೆ), ‘ಅಳತೆ’ (ಆ ಭಾಗದ ಮೇಲೆಯೇ ನಡೆದ ಪರೀಕ್ಷೆ). ಹ್ಯಾಮಿಲ್ಟನ್ ಅಲಗೊಂದರ ನಮೂದು ಹೀಗಿರಬಹುದು: ‘ಅಲ್ಯೂಮಿನಿಯಂ-ತಾಮ್ರ ಮಿಶ್ರಲೋಹ (ಅಳತೆ); 6477ಎ-0 (ಅಚ್ಚು); 25ಎಸ್-ಟಿ (ಮಾದರಿ); ಹದ ಪರೀಕ್ಷಿಸಿಲ್ಲ.’ ದೇವಯ್ಯನವರ ಮಿಸ್ಟೇರ್ ಕುರಿತ ಫಲಕಕ್ಕೆ ಈ ಕ್ರಮ ಅನ್ವಯಿಸಿದರೆ ‘ವೆರ್ಡೊನ್ 350, ಟರ್ಬೈನ್ ಅಲಗು ನಿಕಲ್-ಕ್ರೋಮಿಯಂ ಮಿಶ್ರಲೋಹ’ ಎಂಬ ಸಾಲಿನ ಎರಡು ಭಾಗಗಳ ಪಕ್ಕದಲ್ಲೂ ಬರೆಯಬೇಕಾದ ಪದ ‘ಮಾದರಿ’.